ಸೈಡರ್ ಜೊತೆಗೆ ಯಾವ ಕೈಗೆಲಸ? ಕಾಯುವ ಗುಣ ನೋಡಿ ಆರಿಸಿಕೊಳ್ಳಿ

ಮನೆಯಲ್ಲೇ ಏನಾದರೂ ಕೈಯಾರೆ ಮಾಡಬೇಕು ಅನ್ನಿಸಿದಾಗ ಎಲ್ಲರೂ ಮೊದಲು ಕೇಳುವುದು ಏನೇನು ಸಾಮಾನು ಬೇಕು ಅಂತ. ಆಮೇಲೆ, ತುಂಬಾ ಕಷ್ಟವಾ ಅಂತ. ಎರಡೂ ಕೇಳಬೇಕಾದ ಮಾತೇ. ಆದರೆ ಸೇಬಿನ ರಸ ಹುದುಗಿಸಿ ಮಾಡುವ ಸೈಡರ್, ಬ್ರೆಡ್, ಸೋಪು, ಮರಗೆಲಸ, ಮಡಕೆ, ಹೆಣಿಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಾಲ ಮಾಡಿ ನೋಡಿದ ಮೇಲೆ ನಾನು ಬೇರೆ ಪ್ರಶ್ನೆ ಕೇಳುವುದನ್ನು ಕಲಿತಿದ್ದೇನೆ. ಇವತ್ತು ಮಾಡಿದ ತಪ್ಪು ನನಗೆ ಯಾವಾಗ ಗೊತ್ತಾಗುತ್ತದೆ?

ಹೆಣಿಗೆಯಲ್ಲಿ ಅದು ಮುಂದಿನ ಸಾಲಿನಲ್ಲೇ ಗೊತ್ತಾಗುತ್ತದೆ. ಮರಗೆಲಸದಲ್ಲಿ ಗರಗಸ ಎಳೆದ ಕೂಡಲೇ. ಬ್ರೆಡ್ಡಿನಲ್ಲಿ ಅದೇ ದಿನ ಸಂಜೆ. ಸೋಪಿನಲ್ಲಿ ಒಂದು ದಿನದಿಂದ ಒಂದು ತಿಂಗಳ ಒಳಗೆ. ಮಡಕೆಯಲ್ಲಿ ಅದನ್ನು ಸುಡುವ ಗೂಡು, ಅಂದರೆ ಆವಿಗೆ, ತೆರೆದಾಗ. ಸೈಡರಿನಲ್ಲಿ ಎರಡು ಮೂರು ತಿಂಗಳು ಕಳೆದ ಮೇಲೆ.

ಈ ಅಂತರವೇ ಹವ್ಯಾಸ ನಿಮ್ಮ ಕೈಯಲ್ಲಿ ನಿಲ್ಲುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನ ಮಾಡುತ್ತದೆ ಅಂತ ನನ್ನ ನಂಬಿಕೆ. ತಪ್ಪು ಬೇಗ ತಿಳಿದರೆ ಕೈ ಬೇಗ ಪಳಗುತ್ತದೆ. ತಡವಾಗಿ ತಿಳಿದರೆ ತಾಳ್ಮೆ ಬೇಕು, ಬರೆದಿಡುವ ಅಭ್ಯಾಸ ಬೇಕು, ಜೊತೆಗೆ ಕಾಯುವ ಹೊತ್ತಿನಲ್ಲಿ ಮಾಡಲು ಇನ್ನೊಂದು ಕೆಲಸ ಬೇಕು. ಹಾಗಾಗಿ ಸೈಡರ್ ಮಾಡುವ ಮನಸ್ಸಿರುವವರಿಗೆ ನಾನು ಹೇಳುವುದು ಇಷ್ಟು: ಸೈಡರನ್ನು ಖಂಡಿತ ಆರಿಸಿಕೊಳ್ಳಿ, ಆದರೆ ಒಂಟಿಯಾಗಿ ಬೇಡ. ಅದಕ್ಕೊಂದು ಜೊತೆ ಹುಡುಕಿ. ಯಾವ ಜೊತೆ ಅನ್ನುವುದೇ ಈ ಬರಹ.

ಶುರುಮಾಡುವ ಮೊದಲು ಒಂದು ಮಾತು. ಸೈಡರ್ ಅಂದರೆ ಮದ್ಯ. ಮನೆಯಲ್ಲಿ ಮದ್ಯ ತಯಾರಿಸುವ ಕಾನೂನು ಒಂದೊಂದು ಕಡೆ ಒಂದೊಂದು ಥರ ಇದೆ. ಕೆಲವು ಕಡೆ ಸ್ವಂತ ಬಳಕೆಗೆ ಇಂತಿಷ್ಟು ಅಂತ ಬಿಟ್ಟಿದ್ದಾರೆ, ಕೆಲವು ಕಡೆ ಪರವಾನಗಿ ಬೇಕು, ಇನ್ನು ಕೆಲವು ಕಡೆ ಪೂರ್ತಿ ನಿಷೇಧ. ನೀವಿರುವ ಜಾಗದ ನಿಯಮ ತಿಳಿದುಕೊಂಡೇ ಮುಂದುವರಿಯಿರಿ. ಮಾಡಿದ್ದನ್ನು ಕಾಯಿಸಿ ಬಟ್ಟಿ ಇಳಿಸುವ ಯೋಚನೆ ಮಾತ್ರ ಬೇಡವೇ ಬೇಡ. ಅದು ಬಹುತೇಕ ಎಲ್ಲ ಕಡೆ ಅಪರಾಧ, ಬೆಂಕಿಯ ಅಪಾಯವೂ ಇದೆ.

ಸೈಡರ್: ಕೆಲಸ ಕಡಿಮೆ, ಕಾಯುವುದು ಜಾಸ್ತಿ

ಸೈಡರಿನ ವಿಷಯ ಬಹಳ ಸರಳ. ಸೇಬಿನ ರಸದಲ್ಲಿ ಸಕ್ಕರೆ ಇದೆ. ಯೀಸ್ಟ್ ಅದನ್ನು ತಿಂದು ಅರ್ಧದಷ್ಟನ್ನು ಆಲ್ಕೋಹಾಲ್ ಮಾಡುತ್ತದೆ, ಉಳಿದರ್ಧವನ್ನು ಇಂಗಾಲದ ಡೈಆಕ್ಸೈಡ್ ಮಾಡಿ ಬಿಡುತ್ತದೆ. ಒಂದು ಲೀಟರ್ ರಸದಲ್ಲಿ ಸಾಮಾನ್ಯವಾಗಿ 100ರಿಂದ 120 ಗ್ರಾಂ ಸಕ್ಕರೆ ಇರುತ್ತದೆ. ಲೆಕ್ಕ ಹಾಕಿದರೆ ನಾಲ್ಕು ಲೀಟರ್ ರಸ ಪೂರ್ತಿ ಹುದುಗುವಷ್ಟರಲ್ಲಿ ನೂರು ಲೀಟರಿಗೂ ಜಾಸ್ತಿ ಗ್ಯಾಸ್ ಹೊರಗೆ ಬಂದಿರುತ್ತದೆ. ಜಾಡಿಯ ಬಾಯಿಯನ್ನು ಬಿಗಿಯಾಗಿ ಮುಚ್ಚಬಾರದು ಅನ್ನುವುದು ಇದಕ್ಕೇ.

ಸಾಮಾನು ಹೆಚ್ಚಿಲ್ಲ. ಐದು ಲೀಟರಿನ ಗಾಜಿನ ಜಾಡಿ, ಅದರ ಬಾಯಿಗೆ ಕೂರುವ ಬಿರಡೆ, ಏರ್‌ಲಾಕ್, ಒಂದು ಜಾಡಿಯಿಂದ ಇನ್ನೊಂದಕ್ಕೆ ಇಳಿಸಲು (ಸೈಫನ್) ಒಂದು ಪೈಪು, ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ವೈನಿಗೆ ಅಥವಾ ಸೈಡರಿಗೆ ಬಳಸುವ ಯೀಸ್ಟ್, ಪಾತ್ರೆ ಶುದ್ಧಿ ಮಾಡುವ ದ್ರಾವಣ. ಏರ್‌ಲಾಕ್ ಅಂದರೆ ಒಳಗಿನ ಗ್ಯಾಸ್ ಹೊರಗೆ ಬಿಟ್ಟು, ಹೊರಗಿನ ಗಾಳಿ ಒಳಗೆ ಬರದಂತೆ ತಡೆಯುವ ನೀರು ತುಂಬಿದ ಪುಟ್ಟ ಕೊಳವೆ.

ಸೇಬು ಹಿಂಡುವ ಯಂತ್ರ ಇಲ್ಲ ಅಂತ ಯಾರೂ ಹಿಂದೆಗೆಯಬೇಕಿಲ್ಲ. ಮೊದಲ ಸಲಕ್ಕೆ ಪೊಟ್ಟಣದ ರಸವೇ ಸಾಕು. ಆದರೆ ಅದರ ಮೇಲೆ ಬರೆದ ಪಟ್ಟಿಯನ್ನು ಓದಿ. ಪೊಟ್ಯಾಸಿಯಂ ಸಾರ್ಬೇಟ್ ಅಥವಾ ಸೋಡಿಯಂ ಬೆಂಜೋಯೇಟ್ ಇದ್ದರೆ ಆ ರಸ ಬೇಡ. ಅವು ಯೀಸ್ಟ್ ಬೆಳೆಯದಂತೆ ತಡೆಯಲೆಂದೇ ಹಾಕಿರುವುದು. ವಿಟಮಿನ್ ಸಿ ಇದ್ದರೆ ತೊಂದರೆಯಿಲ್ಲ, ಪಾಶ್ಚರೀಕರಣ ಆಗಿದ್ದರೂ ತೊಂದರೆಯಿಲ್ಲ. ನೀವೇ ಹಿಂಡುವುದಾದರೆ ಹತ್ತು ಕಿಲೋ ಸೇಬಿಗೆ ಐದಾರು ಲೀಟರ್ ರಸ ಬರುತ್ತದೆ. ಕೊಳೆತ ಭಾಗ ಕತ್ತರಿಸಿ ಹಾಕುವುದಲ್ಲ, ಕೊಳೆತ ಹಣ್ಣನ್ನೇ ಬಿಡಿ. ಸೇಬಿನ ಬೂಷ್ಟಿನಲ್ಲಿ ಪ್ಯಾಟುಲಿನ್ ಅನ್ನುವ ವಿಷ ಇರುತ್ತದೆ.

ರಸವನ್ನು ಜಾಡಿಗೆ ಸುರಿದ ಮೇಲೆ ಹೈಡ್ರೋಮೀಟರ್ ತೇಲಿಬಿಟ್ಟು ಅಳತೆ ನೋಡಿ. ನೀರು 1.000 ಅಂತ ಇಟ್ಟುಕೊಂಡರೆ ಸೇಬಿನ ರಸ ಸಾಮಾನ್ಯವಾಗಿ 1.045ರಿಂದ 1.055ರ ನಡುವೆ ಇರುತ್ತದೆ. ಬರೆದಿಟ್ಟುಕೊಳ್ಳಿ. ಸಕ್ಕರೆ ಖಾಲಿಯಾಗುತ್ತಾ ಈ ಅಂಕಿ 1.000ಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಮೊದಲಿನದರಿಂದ ಕೊನೆಯದನ್ನು ಕಳೆದು 131ರಿಂದ ಗುಣಿಸಿದರೆ ಆಲ್ಕೋಹಾಲಿನ ಶೇಕಡಾವಾರು ಸಿಗುತ್ತದೆ. 1.050ರಿಂದ 1.000ಕ್ಕೆ ಇಳಿದರೆ ಸುಮಾರು 6.5. ಬಿಯರಿಗಿಂತ ತುಸು ಜಾಸ್ತಿ, ವೈನಿಗಿಂತ ಕಡಿಮೆ.

ಯೀಸ್ಟ್ ಹಾಕಿದ ಮೇಲೆ ಒಂದೆರಡು ದಿನ ಏನೂ ಕಾಣುವುದಿಲ್ಲ. ಆಮೇಲೆ ಒಂದು ಸಂಜೆ, ಮನೆ ಸುಮ್ಮನಿದ್ದಾಗ, ಮೂಲೆಯಿಂದ "ಬ್ಲುಕ್" ಅನ್ನುವ ಸದ್ದು ಬರುತ್ತದೆ. ಏರ್‌ಲಾಕಿನ ನೀರು ಒಂದು ಕಡೆಗೆ ಏರಿ, ತಡೆದು, ಒಂದು ಗುಳ್ಳೆಯನ್ನು ದಾಟಿಸಿ ಮತ್ತೆ ಕೆಳಗಿಳಿಯುತ್ತದೆ. ಹತ್ತಿರ ಹೋಗಿ ನೋಡಿದರೆ ಜಾಡಿಯೊಳಗೆ ಸೂಜಿಮೊನೆಯಂಥ ಗುಳ್ಳೆಗಳು ಸಾಲುಗಟ್ಟಿ ಮೇಲೇರುತ್ತಿರುತ್ತವೆ. ರಸದ ಮೇಲೆ ಕಂದು ನೊರೆಯ ತೆಳು ಉಂಗುರ. ಎಷ್ಟು ಸಲ ಮಾಡಿದರೂ ಆ ಮೊದಲ ಗುಳ್ಳೆಗಾಗಿ ನಾನು ಕಿವಿಗೊಟ್ಟು ಕೂರುತ್ತೇನೆ.

ಹಾಗೆ ಕೂರುವುದರಲ್ಲೇ ಇದರ ಕಷ್ಟವೂ ಇದೆ. ಇಲ್ಲಿಂದ ಮುಂದೆ ನಿಮ್ಮ ಕೈಗೆ ಕೆಲಸವಿಲ್ಲ. ಮೊದಲ ದಿನ ಎರಡು ಗಂಟೆ, ಎರಡು ಮೂರು ವಾರದ ಮೇಲೆ ಮಡ್ಡಿ ಬಿಟ್ಟು ತಿಳಿಯನ್ನು ಬೇರೆ ಜಾಡಿಗೆ ಇಳಿಸಲು ಅರ್ಧ ಗಂಟೆ, ಬಾಟಲಿಗೆ ತುಂಬುವ ದಿನ ಮತ್ತೆರಡು ಗಂಟೆ. ಮೂರು ತಿಂಗಳಲ್ಲಿ ಒಟ್ಟು ಕೈಗೆಲಸ ಸುಮಾರು ನಾಲ್ಕೂವರೆ ಗಂಟೆ ಅಷ್ಟೇ. ಉಳಿದದ್ದೆಲ್ಲ ಯೀಸ್ಟಿನ ಪಾಲು.

ನನ್ನ ಮೊದಲ ಜಾಡಿಯನ್ನು ನಾನು ಕೆಡಿಸಿದ್ದು ಈ ಖಾಲಿ ಹೊತ್ತಿನಲ್ಲಿ. ಏನಾಗಿದೆಯೋ ನೋಡೋಣ ಅಂತ ಎರಡು ದಿನಕ್ಕೊಮ್ಮೆ ಬಿರಡೆ ತೆಗೆದೆ. ಮೂಸಿ ನೋಡಿದೆ, ಚಮಚ ಅದ್ದಿ ರುಚಿ ನೋಡಿದೆ. ಮೊದಲ ವಾರ ಗ್ಯಾಸ್ ಜೋರಾಗಿ ಬರುತ್ತಿದ್ದುದರಿಂದ ಏನೂ ಆಗಲಿಲ್ಲ. ಗುಳ್ಳೆ ಕಡಿಮೆಯಾದ ಮೇಲೂ ತೆಗೆಯುತ್ತಲೇ ಇದ್ದೆ. ಎರಡು ತಿಂಗಳ ಮೇಲೆ ಲೋಟಕ್ಕೆ ಸುರಿದರೆ ಮೂಗಿಗೆ ಹೊಡೆಯುವ ವಿನೆಗರ್ ವಾಸನೆ. ಆಲ್ಕೋಹಾಲನ್ನು ವಿನೆಗರ್ ಮಾಡುವ ಅಸಿಟೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾಕ್ಕೆ ಬೇಕಿದ್ದುದು ಗಾಳಿ, ಅದನ್ನು ನಾನೇ ಒಳಗೆ ಬಿಟ್ಟಿದ್ದೆ. ಯಾವ ದಿನ ಕೆಟ್ಟಿತು, ಯಾವ ಚಮಚದಿಂದ ಕೆಟ್ಟಿತು ಅನ್ನುವುದು ಇವತ್ತಿಗೂ ಗೊತ್ತಿಲ್ಲ. ತಪ್ಪು ಎರಡು ತಿಂಗಳು ತಡವಾಗಿ ತಿಳಿಯುತ್ತದೆ ಅಂದೆನಲ್ಲ, ಅದರ ಅರ್ಥ ಇದು.

ಇನ್ನೊಂದು ತಪ್ಪು ಇದಕ್ಕಿಂತ ಅಪಾಯದ್ದು. ಗುಳ್ಳೆ ನಿಂತಿತು ಅಂದ ಮಾತ್ರಕ್ಕೆ ಹುದುಗು ಮುಗಿದಿದೆ ಅಂತಲ್ಲ. ಚಳಿ ಬಿದ್ದರೂ ಯೀಸ್ಟ್ ಮಂಕಾಗುತ್ತದೆ. ಅಂಕಿ 1.010 ಇರುವಾಗ ಬಾಟಲಿಗೆ ತುಂಬಿ ಮುಚ್ಚಳ ಬಿಗಿದರೆ, ಲೀಟರಿಗೆ 20 ಗ್ರಾಮಿಗೂ ಜಾಸ್ತಿ ಸಕ್ಕರೆ ಒಳಗೇ ಉಳಿದಿರುತ್ತದೆ. ಬೆಚ್ಚಗಾದ ಕೂಡಲೇ ಯೀಸ್ಟ್ ಮತ್ತೆ ಎದ್ದು ಕೂರುತ್ತದೆ. ಚೆನ್ನಾಗಿ ನೊರೆಯೇಳುವ ಸೈಡರಿಗೆ ಬೇಕಾಗುವುದು ಲೀಟರಿಗೆ 6ರಿಂದ 8 ಗ್ರಾಂ ಸಕ್ಕರೆ ಮಾತ್ರ. ಅದರ ಮೂರು ಪಟ್ಟು ಒಳಗಿದ್ದರೆ ಗಾಜು ತಡೆಯುವುದಿಲ್ಲ, ಬಾಟಲಿ ಸಿಡಿಯುತ್ತದೆ. ನಮ್ಮ ಮನೆಯ ಕಪಾಟಿನಲ್ಲಿ ಒಂದು ರಾತ್ರಿ ಒಂದು ಬಾಟಲಿ ಸಿಡಿದು, ಗಾಜಿನ ಚೂರು ಎದುರಿನ ಹಲಗೆಗೆ ನಾಟಿಕೊಂಡಿತ್ತು. ಬಾಗಿಲು ಮುಚ್ಚಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಅಂದಿನಿಂದ ಹೈಡ್ರೋಮೀಟರ್ ಒಂದು ವಾರದ ಅಂತರದಲ್ಲಿ ಎರಡು ಸಲ ಒಂದೇ ಅಂಕಿ ತೋರಿಸದೆ, ಅದೂ 1.000ರ ಆಸುಪಾಸಿನಲ್ಲಿ, ನಾನು ಬಾಟಲಿ ಮುಟ್ಟುವುದಿಲ್ಲ. ಬಾಟಲಿಯೂ ಒತ್ತಡ ತಡೆಯುವಂಥದ್ದೇ ಆಗಬೇಕು. ಬಿಯರಿನ ಅಥವಾ ಷಾಂಪೇನಿನ ದಪ್ಪ ಬಾಟಲಿ ಸರಿ, ಜಾಮ್ ತುಂಬುವ ಗಾಜು ಅಲ್ಲ. ಬಾಟಲಿಯಲ್ಲಿ ಸಕ್ಕರೆ ಹಾಕಿ ನೊರೆ ಬರಿಸುವುದು ಹಳೆಯ ವಿದ್ಯೆ. 1662ರಲ್ಲೇ ಕ್ರಿಸ್ಟೋಫರ್ ಮೆರೆಟ್ ಅನ್ನುವ ಇಂಗ್ಲಿಷ್ ವೈದ್ಯ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಮುಂದೆ ವೈನಿಗೆ ಸಕ್ಕರೆ ಸೇರಿಸಿ ನೊರೆಯೇಳಿಸುವುದನ್ನು ವಿವರಿಸಿದ್ದ. ಅದು ಕೈಗೂಡಿದ್ದು ಆ ಕಾಲಕ್ಕೆ ಅಲ್ಲಿ ಗಟ್ಟಿ ಗಾಜಿನ ಬಾಟಲಿ ಬಂದಿದ್ದರಿಂದ.

ರುಚಿಯ ಬಗ್ಗೆಯೂ ಮೊದಲೇ ತಿಳಿದಿರಲಿ. ಸಕ್ಕರೆ ಪೂರ್ತಿ ಖಾಲಿಯಾದ ಸೈಡರ್ ಸಿಹಿ ಇರುವುದಿಲ್ಲ. ಸೇಬಿನ ಪಾನೀಯ ಅಂದರೆ ಸಿಹಿ ಅಂದುಕೊಂಡವರಿಗೆ ಮೊದಲ ಗುಟುಕು ನಿರಾಸೆ ಮಾಡುತ್ತದೆ. ಕುಡಿಯುವಾಗ ಲೋಟಕ್ಕೇ ಸ್ವಲ್ಪ ತಾಜಾ ರಸ ಬೆರೆಸಿಕೊಳ್ಳುವುದು ಸುಲಭದ ದಾರಿ. ಬಾಟಲಿಗೆ ಬೆರೆಸಬೇಡಿ, ಮತ್ತೆ ಅದೇ ಸಿಡಿಯುವ ಕಥೆ. ಇನ್ನೊಂದು ಕೊರತೆ, ತಿನ್ನುವ ಸೇಬಿನ ರಸದಿಂದ ಮಾಡಿದ್ದು ತೆಳ್ಳಗೆ, ನೀರು ನೀರಾಗಿ ಅನ್ನಿಸುತ್ತದೆ. ಸೈಡರಿಗೆಂದೇ ಬೆಳೆಸುವ ಸೇಬಿನಲ್ಲಿ ಒಗರು ಇರುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರದ ಲಾಂಗ್ ಆಷ್ಟನ್ ಸಂಶೋಧನಾ ಕೇಂದ್ರದವರು ಸೈಡರ್ ಸೇಬುಗಳನ್ನು ಹುಳಿ ಮತ್ತು ಒಗರಿನ ಲೆಕ್ಕದಲ್ಲಿ ನಾಲ್ಕು ಗುಂಪು ಮಾಡಿದ್ದರು: ಸಿಹಿ, ಹುಳಿ, ಒಗರು ಸಿಹಿ, ಒಗರು ಹುಳಿ. ಆ ಹಣ್ಣು ನಮಗೆ ಸಿಗದಿದ್ದರೆ ಚಿಂತೆಯಿಲ್ಲ. ಐದು ಲೀಟರಿಗೆ ಒಂದು ಕಪ್ ಕಡು ಚಹಾ ಡಿಕಾಕ್ಷನ್ ಹಾಕಿದರೆ ಒಗರು ಬಂದುಬಿಡುತ್ತದೆ. ಮನೆಯಲ್ಲಿ ಸೈಡರ್ ಮಾಡುವವರು ಬಹಳ ಕಾಲದಿಂದ ಮಾಡುತ್ತಾ ಬಂದಿರುವ ಉಪಾಯ ಇದು, ನಿಜಕ್ಕೂ ಕೆಲಸ ಮಾಡುತ್ತದೆ.

ಬ್ರೆಡ್: ಅದೇ ಯೀಸ್ಟ್, ಅದೇ ದಿನ ಉತ್ತರ

ಸೈಡರಿಗೆ ಒಂದೇ ಒಂದು ಜೊತೆ ಹೇಳಿ ಅಂದರೆ ನಾನು ಬ್ರೆಡ್ ಅನ್ನುತ್ತೇನೆ. ಎರಡಕ್ಕೂ ಬಳಸುವ ಯೀಸ್ಟ್ ಸ್ಯಾಕರೊಮೈಸಿಸ್ ಸೆರೆವಿಸಿಯೆ, ತಳಿ ಬೇರೆ ಅಷ್ಟೇ. ಸೈಡರಿನಲ್ಲಿ ನಮಗೆ ಬೇಕಾಗುವುದು ಅದು ಮಾಡುವ ಆಲ್ಕೋಹಾಲ್, ಗ್ಯಾಸ್ ಹೊರಗೆ ಹೋಗಲಿ ಅಂತ ಬಿಡುತ್ತೇವೆ. ಬ್ರೆಡ್ಡಿನಲ್ಲಿ ಬೇಕಾಗುವುದು ಗ್ಯಾಸ್, ಆಲ್ಕೋಹಾಲ್ ಓವನ್ನಿನ ಬಿಸಿಗೆ ಹಾರಿಹೋಗುತ್ತದೆ.

500 ಗ್ರಾಂ ಹಿಟ್ಟು, 350 ಗ್ರಾಂ ನೀರು, 10 ಗ್ರಾಂ ಉಪ್ಪು, ಚಿಟಿಕೆ ಯೀಸ್ಟ್. ಬೆಳಿಗ್ಗೆ ಕಲಸಿದರೆ ಸಂಜೆಗೆ ತಿನ್ನಬಹುದು. ನೀರು ಜಾಸ್ತಿಯಾದರೆ ಕೈಗೆ ಅಂಟಿಕೊಂಡೇ ಹೇಳುತ್ತದೆ. ಉಬ್ಬುವುದಕ್ಕೆ ಹೊತ್ತು ಕೊಡದಿದ್ದರೆ ಕೊಯ್ದಾಗ ಇಟ್ಟಿಗೆಯ ಹಾಗಿರುತ್ತದೆ, ಜಾಸ್ತಿ ಕೊಟ್ಟರೆ ಓವನ್ನಿನಲ್ಲಿ ಕುಸಿಯುತ್ತದೆ. ಹದ ಅನ್ನುವ ಮಾತಿನ ಅರ್ಥ ಬೆರಳಿಗೇ ತಿಳಿಯುತ್ತದೆ. ಹಿಟ್ಟನ್ನು ಬೆರಳಿನಿಂದ ಒತ್ತಿ ಬಿಡಿ. ಗುಳಿ ಪಟ್ಟನೆ ಮೇಲೆ ಬಂದರೆ ಇನ್ನೂ ಕಾಯಬೇಕು. ನಿಧಾನವಾಗಿ ಅರ್ಧ ಮಾತ್ರ ಮೇಲೆ ಬಂದರೆ ಓವನ್ನಿಗೆ ಸಿದ್ಧ. ಬರಲೇ ಇಲ್ಲ ಅಂದರೆ ಹೊತ್ತು ಮೀರಿದೆ.

ವಾರಕ್ಕೊಂದು ಬ್ರೆಡ್ ಮಾಡಿದರೂ ಒಂದು ಜಾಡಿ ಸೈಡರ್ ಆಗುವಷ್ಟರಲ್ಲಿ ಹತ್ತು ಹನ್ನೆರಡು ಸಲ ಯೀಸ್ಟಿನ ಜೊತೆ ಕೆಲಸ ಮಾಡಿರುತ್ತೀರಿ. ಬಿಸಿ ಹೆಚ್ಚಿದರೆ ಅದು ಹೇಗೆ ಓಡುತ್ತದೆ, ಚಳಿಗೆ ಹೇಗೆ ಮಲಗುತ್ತದೆ ಅನ್ನುವುದು ಕಣ್ಣಿಗೆ ಬಿದ್ದಿರುತ್ತದೆ. ಆಗ ಸೈಡರ್ ಜಾಡಿಯನ್ನು ಯಾಕೆ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇರುವ ತಂಪು ಮೂಲೆಯಲ್ಲಿ ಇಡಬೇಕು ಅನ್ನುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹುಳಿ ಹಿಟ್ಟಿನಿಂದ ಮಾಡುವ ಸವರ್‌ಡೋ ಕಡೆಗೆ ಹೋಗುವವರು ಒಂದು ಎಚ್ಚರ ಇಟ್ಟುಕೊಳ್ಳಿ. ಆ ಹುಳಿ ಹಿಟ್ಟಿನಲ್ಲಿ ಯೀಸ್ಟಿನ ಜೊತೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾವೂ ಇರುತ್ತದೆ. ಸೈಡರ್ ಬಾಟಲಿ ತುಂಬುವ ದಿನ ಅದೇ ಮೇಜಿನ ಮೇಲೆ ಹಿಟ್ಟು ಕಲಸಬೇಡಿ. ಪೈಪು, ಚಮಚ, ಬಟ್ಟೆ ಬೇರೆ ಬೇರೆ ಇರಲಿ.

ಮರಗೆಲಸ: ತಪ್ಪು ತಕ್ಷಣ ಕಾಣುತ್ತದೆ, ವಾಪಸು ಬರುವುದಿಲ್ಲ

ಬ್ರೆಡ್ ಅಡುಗೆಮನೆಯ ಕೆಲಸ, ಸೈಡರೂ ಹೆಚ್ಚು ಕಡಿಮೆ ಅದೇ. ಅಡುಗೆಮನೆಯಿಂದ ಹೊರಗೆ ಬರಬೇಕು ಅನ್ನುವವರಿಗೆ ಮರಗೆಲಸ ಒಳ್ಳೆಯದು. ಇದರಲ್ಲಿ ಕಾಯುವುದು ಬಹಳ ಕಡಿಮೆ. ಪ್ರತಿ ನಿಮಿಷ ಕೈಗೆ ಕೆಲಸವಿದೆ. ಗೆರೆಯ ಆಚೆ ಗರಗಸ ಹೋದರೆ ಆ ಕ್ಷಣವೇ ಕಾಣುತ್ತದೆ. ಆದರೆ ಕೊಯ್ದದ್ದನ್ನು ಮತ್ತೆ ಅಂಟಿಸಲು ಆಗುವುದಿಲ್ಲ. ಹಾಗಾಗಿ ಅಳೆದು, ಮತ್ತೊಮ್ಮೆ ಅಳೆದು, ಉಸಿರು ಬಿಟ್ಟು ಕೊಯ್ಯುವ ಅಭ್ಯಾಸ ಬರುತ್ತದೆ.

ಹೊಸಬರು ಸಾಮಾನ್ಯವಾಗಿ ಯಂತ್ರಗಳ ಪಟ್ಟಿ ಹಿಡಿದು ಶುರುಮಾಡುತ್ತಾರೆ. ನನ್ನ ಅನುಭವದಲ್ಲಿ ಬೇಕಾಗಿರುವುದು ಒಂದು ಒಳ್ಳೆಯ ಕೈಗರಗಸ, ಎರಡು ಉಳಿ, ಒಂದು ಉಜ್ಜುಗೊರಡು, ಮೂಲೆಮಟ್ಟ, ಸಾಣೆಕಲ್ಲು. ಇವುಗಳಲ್ಲಿ ಸಾಣೆಕಲ್ಲಿಗೆ ಮೊದಲ ಸ್ಥಾನ. ಉಳಿಯ ಬಾಯನ್ನು 25ರಿಂದ 30 ಡಿಗ್ರಿ ಓರೆಗೆ ಹಿಡಿದು, ಹಿಂಬದಿಯಲ್ಲಿ ಅಂಚಿನಿಂದ ಮಡಚಿಕೊಂಡ ಲೋಹದ ಸಣ್ಣ ಮುರುಕು ಬೆರಳಿಗೆ ತಾಗುವವರೆಗೆ ಉಜ್ಜಿ, ಆ ಮುರುಕನ್ನೂ ತೆಗೆಯಬೇಕು. ಮೊಂಡು ಉಳಿ ಜಾರಿ ಕೈ ಕೊಯ್ಯುವಷ್ಟು ಹರಿತದ ಉಳಿ ಕೊಯ್ಯುವುದಿಲ್ಲ. ಜೋರು ಹಾಕಬೇಕಾಗುವುದು ಮೊಂಡಿಗೆ ತಾನೇ.

ಹರಿತ ಸರಿಯಾದ ದಿನ ಗೊತ್ತಾಗುತ್ತದೆ. ಉಜ್ಜುಗೊರಡು ಹಲಗೆಯ ಮೇಲೆ ಹೋಗುವಾಗ ಸದ್ದು ಬದಲಾಗುತ್ತದೆ, ಕೆರೆಯುವ ಸದ್ದು ಹೋಗಿ ಬಟ್ಟೆ ಹರಿದಂಥ ಸದ್ದು. ಅದರ ಬಾಯಿಂದ ಕಾಗದಕ್ಕಿಂತ ತೆಳುವಾದ ಸುರುಳಿ ಎದ್ದು ಬೆರಳಿಗೆ ಸುತ್ತಿಕೊಳ್ಳುತ್ತದೆ. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತದೆ. ಉಜ್ಜಿದ ಹಲಗೆ ಕೈಗೆ ತಣ್ಣಗೆ, ನುಣ್ಣಗೆ. ಮೂರು ತಿಂಗಳು ಕಾಯುವ ಸೈಡರಿನ ಪಕ್ಕದಲ್ಲಿ ಇಂಥ ಹತ್ತು ನಿಮಿಷ ಇದ್ದರೆ ಮನಸ್ಸು ತುಂಬುತ್ತದೆ.

ಜಾಗ ಬೇಕು, ಸದ್ದು ಆಗುತ್ತದೆ, ಹೊಟ್ಟು ಹಾರುತ್ತದೆ. ಸಣ್ಣ ಮನೆಯಲ್ಲಿ ಇರುವವರು, ರಾತ್ರಿ ಹೊತ್ತು ಮಾತ್ರ ಬಿಡುವಿರುವವರು ಇದನ್ನು ಯೋಚಿಸಿ. ಮರದ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮಾಸ್ಕ್ ಹಾಕಿಕೊಳ್ಳಿ. ಸೈಡರಿನ ಬಾಟಲಿ ಇಡಲು ಒಂದು ಪೆಟ್ಟಿಗೆ ಮಾಡುವುದು ಮೊದಲ ಕೆಲಸಕ್ಕೆ ಚೆನ್ನಾಗಿರುತ್ತದೆ. ಅಳತೆ ನಿಮ್ಮ ಬಾಟಲಿಯದ್ದೇ, ಬಳಸುವವರೂ ನೀವೇ. ಮುಚ್ಚಳ ಇರುವ ಗಟ್ಟಿ ಪೆಟ್ಟಿಗೆಯಾದರೆ ಬಾಟಲಿ ಸಿಡಿದರೂ ಚೂರು ಹೊರಗೆ ಬರುವುದಿಲ್ಲ.

ಸೋಪು: ಒಂದು ಗಂಟೆ ಕೆಲಸ, ಒಂದು ತಿಂಗಳು ಕಪಾಟು

ಸೋಪು ಸೈಡರಿಗೆ ಸ್ವಭಾವದಲ್ಲಿ ಹತ್ತಿರ. ಇಲ್ಲೂ ಕೆಲಸ ಕಡಿಮೆ, ಕಾಯುವುದು ಜಾಸ್ತಿ. ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಸೇರಿಸಿ ಕಡೆದರೆ ಗಟ್ಟಿಯಾಗುತ್ತಾ ಬರುತ್ತದೆ. ಚಮಚ ಎತ್ತಿ ಸುರಿದಾಗ ಮೇಲೆ ಗೆರೆ ನಿಂತರೆ ಅಚ್ಚಿಗೆ ಹಾಕಬೇಕು. ಮಾರನೆಯ ದಿನ ಕತ್ತರಿಸಿ ನಾಲ್ಕರಿಂದ ಆರು ವಾರ ಗಾಳಿಯಾಡುವ ಕಡೆ ಇಟ್ಟರೆ ನೀರು ಆರಿ ಗಟ್ಟಿಯಾಗುತ್ತದೆ.

ಇದರಲ್ಲಿ ಅಂದಾಜಿಗೆ ಜಾಗವಿಲ್ಲ. ಪ್ರತಿ ಎಣ್ಣೆಗೂ ಇಷ್ಟೇ ಸೋಡಾ ಅಂತ ಲೆಕ್ಕವಿದೆ. 500 ಗ್ರಾಂ ಆಲಿವ್ ಎಣ್ಣೆಗೆ ಸುಮಾರು 64 ಗ್ರಾಂ, ಅದೂ ನೂರಕ್ಕೆ ಐದರಷ್ಟು ಎಣ್ಣೆ ಸೋಪಾಗದೆ ಉಳಿಯಲಿ ಅಂತ ಕಡಿಮೆ ಮಾಡಿದ ಮೇಲೆ. ತಕ್ಕಡಿ ಗ್ರಾಂ ಲೆಕ್ಕದಲ್ಲಿ ಸರಿಯಾಗಿ ತೋರಿಸಬೇಕು. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾದ ಮೇಲೆ ಸುರಿಯಬಾರದು. ಉಕ್ಕಿ ಮುಖಕ್ಕೆ ಎರಚುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಸೋಪಿನ ಕೆಲಸವನ್ನು ಕೆಲವು ವರ್ಷ ಮುಂದಕ್ಕೆ ಹಾಕಿ ಅಂತ ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಸೈಡರಿನ ತಪ್ಪಿಗೆ ಸೈಡರ್ ಹೋಗುತ್ತದೆ, ಇಲ್ಲಿನ ತಪ್ಪಿಗೆ ಕಣ್ಣು ಹೋಗಬಹುದು. ಸೈಡರಿಗೆ ಜೊತೆಯಾಗಿಯೂ ಇದನ್ನು ನಾನು ಮೊದಲು ಹೇಳುವುದಿಲ್ಲ. ಎರಡೂ ಒಟ್ಟಿಗೆ ನಮ್ಮನ್ನು ಕಾಯುವಂತೆ ಮಾಡಿದರೆ ಕೈ ಮತ್ತೆ ಖಾಲಿಯೇ ಉಳಿಯುತ್ತದೆ, ಅಲ್ವಾ? ಹಾಗೂ ಮಾಡುವುದಾದರೆ ಪಾತ್ರೆ, ಚಮಚ ಯಾವುದನ್ನೂ ಹಂಚಿಕೊಳ್ಳಬೇಡಿ.

ಮಡಕೆ ಮತ್ತು ಹೆಣಿಗೆ

ಮಡಕೆ ಕಲಿಯಲು ಇಷ್ಟವಿದ್ದರೆ ಮನೆಗಿಂತ ತಿಗರಿ, ಆವಿಗೆ ಎರಡೂ ಇರುವ ಜಾಗಕ್ಕೆ ಹೋಗಿ ಕಲಿಯುವುದೇ ಸರಿ. ಮೊದಲ ಸುಡುವಿಕೆಗೇ ಸುಮಾರು 1000 ಡಿಗ್ರಿ ಬೇಕು. ಅದು ಮನೆಯ ಓವನ್ನಿನಲ್ಲಿ ಆಗುವ ಮಾತಲ್ಲ. ತಿಗರಿಯ ಮೇಲೆ ಜೇಡಿಮಣ್ಣನ್ನು ನಡುವಿಗೆ ತರುವುದೊಂದನ್ನೇ ಕಲಿಯಲು ವಾರಗಳು ಬೇಕು, ಆದರೆ ಅಷ್ಟೂ ಹೊತ್ತು ಮಣ್ಣು ಕೈಗೆ ಉತ್ತರ ಕೊಡುತ್ತಲೇ ಇರುತ್ತದೆ. ಒದ್ದೆ ಉಳಿದ ಮಡಕೆ ಆವಿಗೆಯಲ್ಲಿ ಒಡೆಯುತ್ತದೆ, ಅದು ಮಾತ್ರ ತಡವಾಗಿ ತಿಳಿಯುವ ತಪ್ಪು. ವಾರಕ್ಕೊಂದು ದಿನ ಮನೆಯಿಂದ ಹೊರಗೆ ಹೋಗಿ ನಾಲ್ಕು ಜನರ ಜೊತೆ ಕೂತು ಮಾಡುವ ಕೆಲಸ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

ಹೆಣಿಗೆಗೆ ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ಸಾಕು. ಇಲ್ಲಿ ಹೇಳಿದ ಎಲ್ಲದರಲ್ಲಿ ತಪ್ಪನ್ನು ಪೂರ್ತಿ ವಾಪಸು ಪಡೆಯಬಹುದಾದ ಕೆಲಸ ಇದೊಂದೇ. ಎಳೆ ಎಳೆದರೆ ಬಿಚ್ಚಿಕೊಳ್ಳುತ್ತದೆ, ಅದೇ ಉಲ್ಲನ್ನಿನಲ್ಲಿ ಮತ್ತೆ ಶುರು. ತಪ್ಪಾಗುತ್ತದೆ ಅನ್ನುವ ಹೆದರಿಕೆ ಜಾಸ್ತಿ ಇರುವವರಿಗೆ, ಏನನ್ನೂ ಹಾಳುಮಾಡಲು ಮನಸ್ಸಾಗದವರಿಗೆ ನಾನು ಮೊದಲು ಇದನ್ನೇ ಕೈಗೆ ಕೊಡುತ್ತೇನೆ. ಸೈಡರ್ ಗುಳ್ಳೆಯ ಸದ್ದು ಕೇಳುತ್ತಾ ಪಕ್ಕದಲ್ಲಿ ಕೂತು ಹೆಣೆಯಬಹುದು.

ಹಾಗಾದರೆ ಯಾರಿಗೆ ಯಾವುದು?

ದಿನಕ್ಕೆ ಅರ್ಧ ಗಂಟೆ ಮಾತ್ರ ಬಿಡುವು, ಅದೂ ದಣಿದು ಬಂದ ಮೇಲೆ, ಅನ್ನುವವರು ಸೈಡರ್ ಜೊತೆ ಹೆಣಿಗೆ ಇಟ್ಟುಕೊಳ್ಳಿ. ಎರಡಕ್ಕೂ ಅವಸರವಿಲ್ಲ, ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ವಾರದ ಕೊನೆಯಲ್ಲಿ ಒಂದು ಪೂರ್ತಿ ದಿನ ಸಿಗುತ್ತದೆ, ಮನೆಯವರಿಗೂ ರುಚಿ ತೋರಿಸಬೇಕು ಅನ್ನುವವರಿಗೆ ಸೈಡರ್ ಜೊತೆ ಬ್ರೆಡ್. ಹೆಚ್ಚಿನವರಿಗೆ ಹೊಂದುವ ಜೋಡಿ ಇದೇ ಅಂತ ಧೈರ್ಯವಾಗಿ ಹೇಳುತ್ತೇನೆ.

ಜಾಗ ಇದೆ, ದೇಹಕ್ಕೂ ಸ್ವಲ್ಪ ಕೆಲಸ ಬೇಕು ಅನ್ನುವವರಿಗೆ ಮರಗೆಲಸ. ಆದರೆ ಹೊಟ್ಟು ಹಾರುವ ಕೋಣೆಯಲ್ಲಿ ಜಾಡಿ ಇಡಬೇಡಿ. ಬಿರಡೆ ತೆಗೆದ ಐದು ನಿಮಿಷ ಸಾಕು ದೂಳು ಒಳಗೆ ಹೋಗಲು.

ವಿನೆಗರ್ ಮಾಡುವ ಆಸೆ ಕೆಲವರಿಗೆ ಸೈಡರಿನ ಜೊತೆಯಲ್ಲೇ ಹುಟ್ಟುತ್ತದೆ. ಸೈಡರನ್ನು ಗಾಳಿಗೆ ಬಿಟ್ಟರೆ ವಿನೆಗರ್ ಆಗುವುದರಿಂದ ಎರಡನ್ನೂ ಒಟ್ಟಿಗೆ ಮಾಡಬಹುದು ಅನ್ನಿಸುತ್ತದೆ. ಆದರೆ ಅವು ಒಂದೇ ಕೋಣೆಯಲ್ಲಿ ಇರಬಾರದು. ಹಣ್ಣಿನ ನೊಣ ಒಂದರಿಂದ ಇನ್ನೊಂದಕ್ಕೆ ಬ್ಯಾಕ್ಟೀರಿಯಾ ಸಾಗಿಸುತ್ತದೆ. ಮನೆಯ ಎರಡು ತುದಿಯಲ್ಲಿ, ಬೇರೆ ಬೇರೆ ಪೈಪು ಇಟ್ಟುಕೊಂಡು ಮಾಡಿ, ಇಲ್ಲವೇ ಒಂದನ್ನು ಬಿಡಿ.

ಸೈಡರ್ ಆರಿಸಿಕೊಳ್ಳಬಾರದವರೂ ಇದ್ದಾರೆ. ಮನೆಯಲ್ಲಿ ಯಾರಾದರೂ ಕುಡಿತ ಬಿಡಲು ಒದ್ದಾಡುತ್ತಿದ್ದರೆ ಜಾಡಿಯನ್ನು ತರಲೇಬೇಡಿ. ಅವರಿಗೆ ಆ ಗುಳ್ಳೆಯ ಸದ್ದು ಬೇರೆಯೇ ಆಗಿ ಕೇಳುತ್ತದೆ. ಹುದುಗಿಸುವ ಸಂತೋಷವೆಲ್ಲ ಬ್ರೆಡ್ಡಿನಲ್ಲೂ ಸಿಗುತ್ತದೆ, ಒಂದು ಕೂದಲಿನಷ್ಟೂ ಕಡಿಮೆಯಿಲ್ಲ. ಮದ್ಯ ಕುಡಿಯದವರು, ಕುಡಿಯಬಾರದ ಕಾಯಿಲೆ ಇರುವವರು ಕೂಡ ಅಷ್ಟೇ. ಮಾಡಿ ಹಂಚೋಣ ಅನ್ನುವ ಉತ್ಸಾಹ ಮೂರನೇ ಜಾಡಿಗೆ ಇಳಿದುಹೋಗುತ್ತದೆ, ಸ್ವಂತ ನಾಲಿಗೆಗೆ ರುಚಿ ನೋಡದೆ ಕೈ ಸುಧಾರಿಸುವುದಿಲ್ಲ.

ತೀರ್ಮಾನ ಆಗಿದ್ದರೆ ಒಂದು ಶನಿವಾರ ಹೀಗೆ ಶುರುಮಾಡಿ. ಬೆಳಿಗ್ಗೆ ಎದ್ದ ಕೂಡಲೇ ಬ್ರೆಡ್ಡಿನ ಹಿಟ್ಟು ಕಲಸಿ ಮುಚ್ಚಿಡಿ. ಮೇಜು ಒರೆಸಿ, ಕೈ ತೊಳೆದು, ಜಾಡಿ, ಬಿರಡೆ, ಏರ್‌ಲಾಕ್ ಎಲ್ಲವನ್ನೂ ಮೊದಲು ಸೋಪು ನೀರಿನಲ್ಲಿ ತೊಳೆದು ಆಮೇಲೆ ಶುದ್ಧಿಯ ದ್ರಾವಣದಲ್ಲಿ ಅದ್ದಿ. ಕೊಳೆ ಇದ್ದರೆ ಆ ದ್ರಾವಣ ಕೆಲಸ ಮಾಡುವುದಿಲ್ಲ, ಹಾಗಾಗಿ ಎರಡೂ ಬೇಕು. ನಾಲ್ಕು ಲೀಟರ್ ರಸ ಸುರಿಯಿರಿ, ನೊರೆಗೆ ಮೇಲೆ ಸ್ವಲ್ಪ ಜಾಗ ಬಿಡಿ. ಅಳತೆ ನೋಡಿ, ಯೀಸ್ಟ್ ಹಾಕಿ, ಬಿರಡೆ ಕೂರಿಸಿ. ಅಷ್ಟರಲ್ಲಿ ಹಿಟ್ಟು ಉಬ್ಬಿರುತ್ತದೆ.

ಜಾಡಿಯ ಕತ್ತಿಗೆ ಒಂದು ಚೀಟಿ ಕಟ್ಟಿ. ತಾರೀಕು, ಯಾವ ರಸ, ಯಾವ ಯೀಸ್ಟ್, ಮೊದಲ ಅಂಕಿ, ಕೋಣೆ ಎಷ್ಟು ಬೆಚ್ಚಗಿದೆ, ಇಷ್ಟನ್ನು ಬರೆಯಿರಿ. ಮೂರು ತಿಂಗಳ ಮೇಲೆ ಏನಾದರೂ ತಪ್ಪಿದ್ದು ಗೊತ್ತಾದರೆ ಹಿಂದೆ ಹೋಗಿ ನೋಡಲು ನಿಮಗಿರುವುದು ಈ ಚೀಟಿ ಮಾತ್ರ. ಕೊನೆಯ ಸಾಲಿನಲ್ಲಿ ಮುಂದಿನ ಅಳತೆಯ ತಾರೀಕು ಹಾಕಿ: ಇವತ್ತಿಗೆ 14 ದಿನ. ಅಲ್ಲಿಯವರೆಗೆ ಬಿರಡೆ ಮುಟ್ಟುವುದು ಬೇಡ. ಈಗ ಓವನ್ ಹಚ್ಚಿ, ಹಿಟ್ಟಿಗೆ ಬೆರಳು ಒತ್ತಿ ನೋಡಿ.